ಟೊಳ್ಳು ಯಾರು, ಗಟ್ಟಿ ಯಾರು?

ಟಿ.ಪಿ. ಕೈಲಾಸಂ ಅವರ ‘ಟೊಳ್ಳುಗಟ್ಟಿ’ ಎಂದ ಕೂಡಲೇ ನಮ್ಮ ಕಡೆಯ ಜನರ ಮುಖದಲ್ಲಿ ಒಂದು ನಗು ಮೂಡುತ್ತದೆ. ನಾಟಕ ನೋಡದವರಿಗೂ ಅದರಲ್ಲಿ ಏನಿದೆ ಎಂದು ಗೊತ್ತು ಎಂಬ ಧೈರ್ಯ. ಒಂದು ಮನೆ, ಇಬ್ಬರು ಗಂಡು ಮಕ್ಕಳು. ಪುಟ್ಟು ಪುಸ್ತಕದ ಹುಳು, ಮಾಧು ಓದಿನಲ್ಲಿ ಹಿಂದೆ. ಅಪ್ಪನಿಗೆ ಓದುವ ಮಗನ ಮೇಲೆ ಹೆಮ್ಮೆ, ಓದದ ಮಗನ ಮೇಲೆ ತಾತ್ಸಾರ. ಕೊನೆಗೆ ಕಷ್ಟ ಬಂದಾಗ ಓದಿದವನು ಟೊಳ್ಳು, ಓದದವನು ಗಟ್ಟಿ ಎಂದು ತಿಳಿಯುತ್ತದೆ. ಇಷ್ಟೇ ತಾನೆ?

ಇಷ್ಟೇ ಆಗಿದ್ದರೆ ಶತಮಾನ ದಾಟಿದ ಈ ನಾಟಕವನ್ನು ಇನ್ನೊಮ್ಮೆ ಆಡುವ ಶ್ರಮ ಯಾಕೆ ಬೇಕು? ನೀತಿಕಥೆಯ ಪುಸ್ತಕದಲ್ಲಿ ಅರ್ಧ ಪುಟದಲ್ಲಿ ಹೇಳಿ ಮುಗಿಸಬಹುದಲ್ಲ. ಇಷ್ಟಕ್ಕಿಂತ ಹೆಚ್ಚಿನದೇನೋ ಅದರಲ್ಲಿದೆ ಎಂದು ನನಗೆ ತೋರಿದ್ದು, ನಾವು ಒಂದಷ್ಟು ಹೆಂಗಸರು ಅದನ್ನು ಆಡಲು ಹೊರಟ ಮೇಲೆ.

ನಾವು ಎಂದರೆ ತ್ಯಾಗರಾಜನಗರದ ಮೂರು ನಾಲ್ಕು ರಸ್ತೆಗಳವರು. ನಮ್ಮ ಸಂಘಕ್ಕೆ ಹೆಸರಿಲ್ಲ, ಮುದ್ರೆಯಿಲ್ಲ, ಅಧ್ಯಕ್ಷೆಯೂ ಇಲ್ಲ. ವಾರಕ್ಕೊಂದು ಸಂಜೆ ಯಾರಾದರೊಬ್ಬರ ಮನೆಯಲ್ಲಿ ಸೇರಿ ಪುಸ್ತಕ ಓದುತ್ತಿದ್ದವರು, ಈ ಸಲ ರಾಜ್ಯೋತ್ಸವಕ್ಕೆ ನಾಟಕ ಆಡೋಣ ಎಂದುಕೊಂಡೆವು. ಪೌರಾಣಿಕವಾದರೆ ಕಿರೀಟ, ಗದೆ ಬಾಡಿಗೆಗೆ ತರಬೇಕು. ‘ಟೊಳ್ಳುಗಟ್ಟಿ’ಗಾದರೆ ಒಂದು ಮಂಚ, ಒಂದು ಮೇಜು, ಒಂದು ರಾಶಿ ಪುಸ್ತಕ ಸಾಕು. ಉಳಿದ ಹಿತ್ತಾಳೆ ಸಾಮಾನೆಲ್ಲ ನಮ್ಮ ನಮ್ಮ ಅಟ್ಟದ ಮೇಲೆಯೇ ಇದೆ. ಹನುಮಂತನಗರದ ಕೆ.ಎಚ್. ಕಲಾಸೌಧ ನಮಗೆ ಹತ್ತಿರವೇ ಆದರೂ ನಮ್ಮ ಆಸೆ ಅಷ್ಟು ಎತ್ತರದ್ದಲ್ಲ. ಒಬ್ಬರ ಮನೆಯ ತಾರಸಿ, ಮೇಲೊಂದು ಶಾಮಿಯಾನ, ನೂರು ಕುರ್ಚಿ. ಗಂಡು ಪಾತ್ರಗಳೂ ನಮ್ಮವೇ. ಹೇಳಿಕೊಡಲು ಹವ್ಯಾಸಿ ತಂಡಗಳಲ್ಲಿ ಪಳಗಿದ ಒಬ್ಬ ಹುಡುಗ ಬರುತ್ತಾನೆ. ನನ್ನದು ಪುಸ್ತಕ ಹಿಡಿದು ಪಕ್ಕದಲ್ಲಿ ಕೂತು, ಮರೆತವರಿಗೆ ಮಾತು ಎತ್ತಿಕೊಡುವ ಕೆಲಸ. ಶಾಲೆಯಲ್ಲಿ ಇಷ್ಟು ವರ್ಷ ಮಾಡಿಕೊಂಡು ಬಂದದ್ದೂ ಅದನ್ನೇ.

ನಾಟಕದ ಮಾತಿಗೆ ಮೊದಲು ನಾಟಕಕಾರರ ಮಾತು ಎರಡು. 1884ರಲ್ಲಿ ಕನ್ನಡ ರಂಗಭೂಮಿಗೆ ಸಂಬಂಧಿಸಿದ ಎರಡು ಸಂಗತಿ ನಡೆದವು. ಗುಬ್ಬಿ ಕಂಪನಿ ಹುಟ್ಟಿದ್ದು ಆ ವರ್ಷ, ಕೈಲಾಸಂ ಹುಟ್ಟಿದ್ದೂ ಆ ವರ್ಷ. ಕಂಪನಿ ನಾಟಕ ಎಂದರೆ ಬಣ್ಣದ ಪರದೆ, ರಾಗ, ಪುರಾಣ, ಅರಮನೆ. ಅದನ್ನೆಲ್ಲ ನೋಡಿ ಬೆಳೆದ ಬೆಂಗಳೂರಿನ ಓದಿದ ಗಂಡಸರು, ಕೆಲಸಕ್ಕೆ ಹೋಗಿ ಬಂದು ಬಿಡುವಿನಲ್ಲಿ ನಾಟಕ ಆಡುವವರು, 1909ರಲ್ಲಿ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಕಟ್ಟಿಕೊಂಡರು. ಇಂಥ ಹವ್ಯಾಸಿಗಳಿಗೆ ತಕ್ಕ ನಾಟಕ ಕೊಟ್ಟವರು ಕೈಲಾಸಂ. ಅರಮನೆಯನ್ನು ತೆಗೆದು ನಡುಮನೆಯನ್ನು ರಂಗದ ಮೇಲೆ ಇಟ್ಟರು. ರಾಜ ಹೋಗಿ ಯಜಮಾನ ಬಂದ, ಸಭೆ ಹೋಗಿ ಊಟದ ಹೊತ್ತು ಬಂತು. 1918ರ ಸುಮಾರಿನ ‘ಟೊಳ್ಳುಗಟ್ಟಿ’ ಈ ದಾರಿಯ ಮೊದಲ ದೊಡ್ಡ ಹೆಜ್ಜೆ.

ಇನ್ನೊಂದು ವಿಷಯ ನನ್ನಂಥ ಮೇಷ್ಟರಮ್ಮನಿಗೆ ಮುಖ್ಯ. ಪುಸ್ತಕದ ಓದನ್ನು ಇಷ್ಟು ಗೇಲಿ ಮಾಡಿದ ಕೈಲಾಸಂ ಸ್ವತಃ ಓದಿನಲ್ಲಿ ಹಿಂದೆ ಬಿದ್ದವರಲ್ಲ. ಮೈಸೂರು ಸಂಸ್ಥಾನದ ನ್ಯಾಯಾಧೀಶರಾಗಿದ್ದ ಪರಮಶಿವ ಅಯ್ಯರ್ ಅವರ ಮಗ. ಮದರಾಸಿನಲ್ಲಿ ಓದಿ, ಲಂಡನ್ನಿಗೆ ಹೋಗಿ ಭೂಗರ್ಭಶಾಸ್ತ್ರ ಕಲಿತು ಬಂದವರು. ಸರ್ಕಾರಿ ಕೆಲಸ ಸಿಕ್ಕಿತು, ಅದನ್ನು ಬಿಟ್ಟರು. ನಾಟಕಗಳನ್ನು ಕೂತು ಬರೆಯುವ ತಾಳ್ಮೆಯೂ ಇಲ್ಲದೆ ಬಾಯಲ್ಲಿ ಹೇಳುತ್ತ ಹೋದರು, ಸ್ನೇಹಿತರು ಬರೆದುಕೊಂಡರು. 1945ರಲ್ಲಿ ಮದರಾಸಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ, ಮರುವರ್ಷ ತೀರಿಕೊಂಡರು. ಆದ್ದರಿಂದ ಪುಟ್ಟುವನ್ನು ಅವರು ದೂರದಿಂದ ಕಂಡು ನಕ್ಕದ್ದಲ್ಲ. ಅಪ್ಪನ ಹೆಮ್ಮೆ, ಪರೀಕ್ಷೆಯ ಗೌರವ, ಅದರ ಒಳಗಿನ ಟೊಳ್ಳು ಎಲ್ಲವನ್ನೂ ಹತ್ತಿರದಿಂದ ಬಲ್ಲವರು.

ಇನ್ನು ಭಾಷೆ. ‘ಬಂಡ್ವಾಳ್ವಿಲ್ಲದ್ಬಡಾಯಿ’, ‘ತಾಳಿ ಕಟ್ಟೋಕ್ಕೂಲೀನೇ?’ ಎನ್ನುವ ಹೆಸರುಗಳನ್ನೇ ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ಪುಸ್ತಕದ ಕನ್ನಡವಲ್ಲ, ಬಾಯಿಯ ಕನ್ನಡ. ಅಕ್ಷರಗಳು ಒಂದರ ಮೇಲೊಂದು ಬಿದ್ದುಕೊಂಡು ಓಡುತ್ತವೆ. ಜೊತೆಗೆ ಸಾಲುಸಾಲಿಗೂ ಇಂಗ್ಲಿಷು. ಆ ಕಾಲದ ಪ್ರೇಕ್ಷಕರು ಈ ಕಲಬೆರಕೆಗೇ ಬಿದ್ದು ಬಿದ್ದು ನಕ್ಕಿರಬೇಕು. ನಮ್ಮ ತಾಲೀಮಿನಲ್ಲಿ ಒಂದು ವಿಚಿತ್ರ ನಡೆಯಿತು. ಇಂಗ್ಲಿಷ್ ಮಾತುಗಳು ಎಲ್ಲರಿಗೂ ಸಲೀಸಾಗಿ ಬಂದವು, ತೊಡರಿದ್ದು ಕನ್ನಡದ ಮಾತುಗಳಿಗೆ! ನೋಡಲು ಬಂದ ಕಾಲೇಜು ಹುಡುಗಿಯರು ಇಂಗ್ಲಿಷ್ ಬಂದಾಗ ನಗಲೇ ಇಲ್ಲ. ಯಾಕೆ ನಗಬೇಕು? ಮನೆಯಲ್ಲಿ ಅವರು ಮಾತಾಡುವುದೇ ಹಾಗೆ. ಕೈಲಾಸಂ ತಮಾಷೆಗೆ ಇಟ್ಟದ್ದು ಇಂದು ನಿತ್ಯದ ಮಾತಾಗಿದೆ. ಆ ನಗು ಸವೆದುಹೋದ ಮೇಲೆ ನಾಟಕದಲ್ಲಿ ಉಳಿಯುವುದು ಏನು ಎಂದು ನೋಡಿದರೆ, ಒಂದು ಮನೆಯ ಸಂಕಟ. ಹಳೆಯ ನಾಟಕಕ್ಕೆ ಇದು ನಷ್ಟವಲ್ಲ, ಲಾಭ ಎಂದೇ ನನ್ನ ಎಣಿಕೆ.

ಆ ಸಂಕಟದ ನಡುವೆ ಇರುವವಳು ಕಾಯಿಲೆಯ ತಾಯಿ. ಅವಳ ಸೇವೆ ಮಾಡುವವನು ಮಾಧು. ಮಾಧುವಿನ ಗಟ್ಟಿತನ ಎಂದು ನಾವು ಯಾವುದನ್ನು ಕೊಂಡಾಡುತ್ತೇವೋ ಅದು ಇದೇ: ಕರೆದರೆ ಓಗೊಡುವುದು, ಎದ್ದು ಹೋಗುವುದು, ಕಾಯಿಲೆಯವರ ಬಳಿ ಕೂರುವುದು, ತನ್ನ ಕೆಲಸ ಬಿಟ್ಟು ಇನ್ನೊಬ್ಬರ ಕೆಲಸಕ್ಕೆ ಒದಗುವುದು. ಈಗ ನೀವೇ ಹೇಳಿ. ಈ ಗುಣಗಳನ್ನು ನಮ್ಮ ಮನೆಗಳಲ್ಲಿ ದಿನ ಬೆಳಗಾದರೆ ನಾವು ಯಾರಲ್ಲಿ ಕಾಣುತ್ತೇವೆ? ಅಡುಗೆಮನೆಯಲ್ಲಿ ನಿಂತವಳಲ್ಲಿ. ಅವಳು ಮಾಡಿದರೆ ಅದು ಕರ್ತವ್ಯ. ಯಾರೂ ನಾಟಕ ಬರೆಯುವುದಿಲ್ಲ. ಅದೇ ಕೆಲಸವನ್ನು ಮಗನೊಬ್ಬ ಮಾಡಿದರೆ ಅವನು ಗಟ್ಟಿ, ಅವನ ಹೆಸರಲ್ಲಿ ಮೂರು ತಲೆಮಾರು ಚಪ್ಪಾಳೆ ತಟ್ಟಿದೆ. ಕೈಲಾಸಂ ಇದನ್ನು ಬೇಕೆಂದು ಇಟ್ಟರೋ, ತಾನಾಗಿ ಬಂತೋ, ಅದು ಬೇರೆ ಪ್ರಶ್ನೆ. ಆದರೆ ನಾಟಕದ ಒಳಗೆ ಅದು ಇದೆ.

ಇಷ್ಟು ದಿನ ಅದು ಎದ್ದು ಕಾಣದಿರಲು ಒಂದು ಕಾರಣ ಉಂಟು. ಈ ನಾಟಕ ಮೊದಲು ರಂಗಕ್ಕೆ ಬಂದದ್ದು, ಹವ್ಯಾಸಿ ತಂಡಗಳಲ್ಲಿ ಹೆಣ್ಣು ಪಾತ್ರಕ್ಕೂ ಗಂಡಸರೇ ಸೀರೆ ಉಡುತ್ತಿದ್ದ ಕಾಲದಲ್ಲಿ. ಸೇವೆ ಮಾಡುವ ಮಾಧುವೂ ಗಂಡಸು, ಮಾಡಿಸಿಕೊಳ್ಳುವ ತಾಯಿಯೂ ಗಂಡಸು. ನಿಜವಾಗಿ ಆ ಕೆಲಸ ಮಾಡುತ್ತಿದ್ದವರು ಆ ಹೊತ್ತಿನಲ್ಲಿ ಮನೆಯಲ್ಲಿ ಇದ್ದರು. ಆಮೇಲೆ ಕಾಲ ಬದಲಾಯಿತು. ಆರ್. ನಾಗರತ್ನಮ್ಮನವರು 1958ರಲ್ಲಿ ಬೆಂಗಳೂರಿನಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಹೆಂಗಸರೇ ಎಲ್ಲ ಪಾತ್ರ ಮಾಡುವ ತಂಡ. ಕಂಸ, ರಾವಣರಾಗಿ ಅವರು ಗುಡುಗಿದರೆ ಗಂಡಸರೂ ಬೆಚ್ಚುತ್ತಿದ್ದರಂತೆ. 2012ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ತೀರಿಕೊಂಡರು. ಹೆಂಗಸು ಗಂಡು ಪಾತ್ರ ಮಾಡುವುದು ನಮಗೆ ಹೊಸದೇನಲ್ಲ ಎಂದು ಹೇಳಲು ಅವರ ಹೆಸರು ಒಂದು ಸಾಕು. ಆದರೆ ಕಂಸನಿಗೆ ಮೀಸೆ, ಗದೆ, ಕಂಠ ಇದ್ದರೆ ಆಯಿತು. ಪುಟ್ಟುವಿಗೆ ಏನು ಬೇಕು ಎಂಬುದು ನಮಗೆ ತಾಲೀಮಿನಲ್ಲಿ ತಿಳಿಯಿತು.

ಪುಟ್ಟು ಪಾತ್ರ ವಹಿಸಿದಾಕೆ ಕೆಲಸದಲ್ಲಿರುವವಳು, ಚುರುಕು, ಮಾತು ಮೊದಲ ವಾರದಲ್ಲೇ ಬಾಯಿಪಾಠ. ನಿರ್ದೇಶಕ ಹುಡುಗ ಅವಳನ್ನು ಪುಸ್ತಕ ಕೊಟ್ಟು ಮೇಜಿನ ಮುಂದೆ ಕೂರಿಸಿ, ಒಳಗಿನಿಂದ ಯಾರೋ ನರಳುವ ಹಾಗೆ, ಕರೆಯುವ ಹಾಗೆ ಮಾಡಿಸಿದ. ಪುಟ್ಟು ತಲೆ ಎತ್ತಬಾರದು, ಪುಟ ತಿರುಗಿಸುತ್ತಿರಬೇಕು. ಆಗಲೇ ಇಲ್ಲ! ಒಳಗಿನ ದನಿ ಕೇಳಿದ ಕೂಡಲೇ ಅವಳ ಕತ್ತು ತಿರುಗುತ್ತದೆ. ಎರಡನೆಯ ಸಲ ಅರ್ಧ ಎದ್ದೇಬಿಟ್ಟಳು. ನಾಲ್ಕು ಸಲ ತಿದ್ದಿದ್ದಾಯಿತು. “ಕೇಳಿಸಿದರೂ ಕೇಳಿಸದ ಹಾಗೆ ಕೂರಬೇಕು ಮೇಡಂ, ಅಷ್ಟೇ” ಎಂದ ಹುಡುಗ. “ಅದೇ ಬರೋಲ್ಲ ಕಣಪ್ಪಾ, ಅಭ್ಯಾಸ ಇಲ್ಲ” ಎಂದಳು ಅವಳು. ನಾವೆಲ್ಲ ನಕ್ಕೆವು. ಆಮೇಲೆ ಮನೆಗೆ ನಡೆದುಕೊಂಡು ಬರುವಾಗ, ನೆಟ್ಟಕಲ್ಲಪ್ಪ ಸರ್ಕಲ್ಲಿನ ತನಕ ಯಾರೂ ಮಾತಾಡಲಿಲ್ಲ.

ಕೇಳಿಸದ ಹಾಗೆ ಕೂರುವುದಕ್ಕೂ ಅಭ್ಯಾಸ ಬೇಕು. ಅದನ್ನು ಯಾರಾದರೂ ಕಲಿಸಿರಬೇಕು. ನಾಟಕದ ವಿಮರ್ಶೆಯಲ್ಲಿ ನಾವು ಬಿಟ್ಟುಬಿಡುವ ಪ್ರಶ್ನೆ ಇದು: ಪುಟ್ಟುವನ್ನು ಪುಟ್ಟು ಮಾಡಿದವರು ಯಾರು? ನಾಟಕ ಅಪ್ಪನ ಕಡೆ ಬೆರಳು ತೋರಿಸುತ್ತದೆ. ತಕ್ಕಡಿ ಅಪ್ಪನ ಕೈಯಲ್ಲಿದೆ. ಅವನು ತೂಗುವ ಬಟ್ಟು ಪರೀಕ್ಷೆಯ ಅಂಕ. ಅದರಲ್ಲಿ ಪುಟ್ಟು ಭಾರ, ಮಾಧು ಹಗುರ. ಟೊಳ್ಳು ಇರುವುದು ಮಗನಿಗಿಂತ ಮೊದಲು ಆ ಬಟ್ಟಿನಲ್ಲಿ. ಇಲ್ಲಿಯವರೆಗೆ ಕೈಲಾಸಂ ಅವರ ಮಾತು ಸರಿ. ಆದರೆ “ಓದ್ಕೋತಿದಾನೆ, ಅವನನ್ನ ಕರೀಬೇಡ” ಎಂದು ಬಾಗಿಲು ಮುಂದೆ ಮಾಡುವವರು ನಮ್ಮ ಮನೆಗಳಲ್ಲಿ ಅಪ್ಪಂದಿರು ಮಾತ್ರವೇ? ಹಾಲಿನ ಲೋಟ ಮೇಜಿಗೆ ತಲುಪಿಸುವವರು, ಕುಡಿದಿಟ್ಟ ಲೋಟ ಎತ್ತುವವರು, ಸಿಇಟಿ ಮುಗಿಯುವ ತನಕ ಅಜ್ಜಿಯ ಕಾಯಿಲೆಯ ಸುದ್ದಿಯನ್ನೇ ಹೇಳದವರು ಯಾರು? ತಾಯಂದಿರು. ಪ್ರೀತಿಯಿಂದಲೇ ಮಾಡುತ್ತಾರೆ. ಅದೇ ಮನೆಯಲ್ಲಿ ಮಗಳು ಪರೀಕ್ಷೆಗೆ ಓದುತ್ತಿದ್ದರೆ ಕುಕ್ಕರಿನ ಸೀಟಿ ಎಣಿಸುವ ಕೆಲಸ ಅವಳಿಗೆ ಹಾಗೇ ಇರುತ್ತದೆ.

ನನ್ನ ವೃತ್ತಿಯ ಕಡೆಯಿಂದ ಒಂದು ತಕರಾರು ಕೂಡ ಇದೆ. ಓದುವವರೆಲ್ಲ ಕಲ್ಲೆದೆಯವರು, ನಪಾಸಾದವರೆಲ್ಲ ಬಂಗಾರ ಎಂಬ ನಂಬಿಕೆ ಈ ನಾಟಕದಿಂದ ಸಭೆಗಳಿಗೆ, ಸಭೆಗಳಿಂದ ಮನೆಗಳಿಗೆ ಹರಿದು ಬಂದಿದೆ. “ನನ್ನ ರ‍್ಯಾಂಕ್ ಮಗ ಅಮೆರಿಕದಲ್ಲಿ, ನಪಾಸಾದ ಮಗ ನನ್ನ ಜೊತೆ” ಎನ್ನುವ ಕಥೆ ನಾವೆಲ್ಲ ಕೇಳಿದ್ದೇವೆ. ತರಗತಿಯಲ್ಲಿ ನಾನು ಕಂಡದ್ದು ಇಷ್ಟು ಸಲೀಸಾಗಿಲ್ಲ. ಚೆನ್ನಾಗಿ ಓದುವ ಹುಡುಗಿ ತಮ್ಮನಿಗೆ ಊಟ ಬಡಿಸಿ ಶಾಲೆಗೆ ತಡವಾಗಿ ಬರುತ್ತಾಳೆ. ಓದದ ಹುಡುಗ ಮನೆಯ ಕೆಲಸಕ್ಕೂ ಒದಗದೆ ಬೀದಿಯಲ್ಲಿ ಇರುತ್ತಾನೆ. ಓದು ಮತ್ತು ಅಂತಃಕರಣ ಒಂದರ ಜಾಗದಲ್ಲಿ ಇನ್ನೊಂದು ಕೂರುವ ವಸ್ತುಗಳಲ್ಲ. ಎರಡೂ ಒಂದೇ ಮಗುವಿನಲ್ಲಿ ಇರಬಹುದು, ಎರಡೂ ಇಲ್ಲದಿರಬಹುದು. ಕೈಲಾಸಂ ರಂಗದ ಅನುಕೂಲಕ್ಕಾಗಿ ಒಂದನ್ನು ಒಬ್ಬನಿಗೆ, ಇನ್ನೊಂದನ್ನು ಇನ್ನೊಬ್ಬನಿಗೆ ಹಂಚಿದರು. ಅದನ್ನೇ ಲೋಕದ ನಿಯಮ ಎಂದು ಹಿಡಿದುಕೊಂಡದ್ದು ನಮ್ಮ ಸೋಮಾರಿತನ. ಪುಟ್ಟುವಿಗೆ ದಪ್ಪ ಕನ್ನಡಕ ಹಾಕಿ ಕೋಡಂಗಿ ಮಾಡಿ ಕುಣಿಸುವ ಪ್ರಯೋಗಗಳು ಈ ಸೋಮಾರಿತನವನ್ನೇ ಬೆಳೆಸುತ್ತವೆ. ಪುಟ್ಟು ಕೋಡಂಗಿಯಾದರೆ ನೋಡುವವರಿಗೆ ತಮ್ಮ ಮನೆಯ ಪುಟ್ಟು ಕಾಣುವುದಿಲ್ಲ. ಅವನು ಸುಂದರನೂ ಸಭ್ಯನೂ ಆಗಿರಬೇಕು, ಎಲ್ಲರೂ ಮೆಚ್ಚುವ ಹುಡುಗನಾಗಿರಬೇಕು. ಆಗ ನಾಟಕ ಚುಚ್ಚುತ್ತದೆ.

ಇನ್ನು ಬೆಂಕಿ. ಮನೆಗೆ ಬೆಂಕಿ ಬೀಳುತ್ತದೆ, ಆ ಗಳಿಗೆಯಲ್ಲಿ ಯಾರ ಮನಸ್ಸು ಯಾವುದರ ಕಡೆಗೆ ಓಡಿತು ಎಂಬುದರಲ್ಲಿ ಇಬ್ಬರು ಮಕ್ಕಳ ತೂಕ ತೀರ್ಮಾನವಾಗುತ್ತದೆ. ರಂಗದ ಮೇಲೆ ಇದು ಜೋರಾದ ದೃಶ್ಯ. ಕೆಂಪು ದೀಪ, ಹೊಗೆ, ಕೂಗಾಟ. ನಮ್ಮ ಹುಡುಗನೂ ಹೊಗೆಯ ಯಂತ್ರ ಬಾಡಿಗೆಗೆ ತರೋಣ ಎಂದು ಹಟ ಹಿಡಿದ. ನನಗೆ ಈ ಬೆಂಕಿ ನಾಟಕದ ದುರ್ಬಲ ಜಾಗವಾಗಿ ತೋರುತ್ತದೆ. ಬೆಂಕಿ ಒಂದು ದಿನದ್ದು. ಒಂದು ದಿನದ ಧೈರ್ಯ ಯಾರಿಗಾದರೂ ಬಂದೀತು, ಪುಟ್ಟುವಿಗೂ ಬಂದೀತು. ಮನುಷ್ಯನ ಗಟ್ಟಿತನ ಗೊತ್ತಾಗುವುದು ಏಳುನೂರನೆಯ ದಿನವೂ ಅದೇ ಹಾಸಿಗೆಯ ಬದಿಯಲ್ಲಿ, ಅದೇ ಬೇಸಿನ್ ಹಿಡಿದು ನಿಂತಾಗ. ನಾರ್ವೆಯ ಇಬ್ಸೆನ್ 1879ರಲ್ಲೇ ಸಂಸಾರದ ನಾಟಕಕ್ಕೆ ಬೆಂಕಿಯೂ ಬೇಡ, ಪ್ರವಾಹವೂ ಬೇಡ ಎಂದು ತೋರಿಸಿದ್ದ. ಅವನ ‘ಬೊಂಬೆಯ ಮನೆ’ಯಲ್ಲಿ ನೋರಾ ಎಂಬ ಹೆಂಡತಿ ಬಾಗಿಲು ಎಳೆದುಕೊಂಡು ಹೊರಟುಹೋದಳು, ಯುರೋಪು ಅಲ್ಲಾಡಿತು. ನಮ್ಮ ಮನೆಗಳಲ್ಲಿ ಬಹಳ ಮಂದಿ ಬಾಗಿಲು ಎಳೆದುಕೊಂಡು ಹೋಗಲಾರರು. ಒಳಗೆ ನೀರು ಕಾಯಿಸಲು ಇಟ್ಟಿರುತ್ತಾರೆ. ಅವರ ಕಥೆಗೂ ರಂಗ ಬೇಕಲ್ಲ.

ಆ ಕಥೆ ನಮ್ಮ ತಾಲೀಮಿಗೆ ತಾನಾಗಿ ಬಂತು. ನಮ್ಮ ಮಾಧುವಿನ ಪಾತ್ರದಾಕೆಯ ಮನೆಯಲ್ಲಿ ಅತ್ತೆಗೆ ಲಕ್ವ ಹೊಡೆದು ಎರಡು ವರ್ಷ. ತಾಲೀಮಿಗೆ ಬರುವುದೇ ಎರಡು ಸರದಿಗಳ ನಡುವೆ, ಗಡಿಯಾರ ನೋಡಿಕೊಂಡು. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ತಾಯಿಯಾಗಿ ಮಂಚದ ಮೇಲೆ ಮಲಗಿದ್ದರು. ಮಾಧು ತಾಯಿಯನ್ನು ನೋಡಿಕೊಳ್ಳುವ ಹಾಗೆ ಏನಾದರೂ ಮಾಡಿ ಎಂದ ಹುಡುಗ. ಅವಳು ಹೋಗಿ, ಮಲಗಿದವರ ಬೆನ್ನ ಹಿಂದೆ ಒಂದು ಕೈ, ಮಂಡಿಯ ಕೆಳಗೆ ಒಂದು ಕೈ ಕೊಟ್ಟು, ಮಗ್ಗುಲಿಗೆ ಹೊರಳಿಸಿದಳು. ಕೆಳಗಿನ ದುಪ್ಪಟಿಯನ್ನು ಅರ್ಧ ಸುತ್ತಿ, ಹೊಸದನ್ನು ಅರ್ಧ ಹಾಸಿ, ಈಚೆ ಹೊರಳಿಸಿ, ಹಳೆಯದನ್ನು ಎಳೆದುಕೊಂಡಳು. ಬೆನ್ನು ಮುಟ್ಟಿ ನೋಡಿ, ತಲೆದಿಂಬು ಸರಿಮಾಡಿದಳು. ಮಲಗಿದವರು ನಟನೆ ಮರೆತು ಅವಳ ಕೈ ಹಿಡಿದುಕೊಂಡರು. “ಇಷ್ಟು ಹೊತ್ತು ಬೇಡ ಅಮ್ಮಾ, ನಾಟಕ ನಿಂತುಹೋಗತ್ತೆ” ಎಂದ ಹುಡುಗ. “ನಿಜವಾಗ್ಲೂ ಇಷ್ಟು ಹೊತ್ತು ಹಿಡಿಯತ್ತಪ್ಪಾ” ಎಂದಳು ಅವಳು, ತಪ್ಪು ಒಪ್ಪಿಕೊಳ್ಳುವ ದನಿಯಲ್ಲಿ.

ನಾನು ಪುಸ್ತಕ ಮುಚ್ಚಿ ಹುಡುಗನಿಗೆ ಹೇಳಿದೆ: ಆ ಹೊಗೆಯ ಯಂತ್ರದ ದುಡ್ಡು ಉಳಿಸು, ಈ ದುಪ್ಪಟಿ ಬದಲಾಯಿಸುವುದನ್ನು ಹೀಗೇ ಇಡು, ಮಾತಿಲ್ಲದೆ, ಅವಳು ತೆಗೆದುಕೊಂಡಷ್ಟು ಹೊತ್ತು. ಕೈಲಾಸಂ ಅವರ ಒಂದು ಮಾತನ್ನೂ ಬದಲಿಸುವುದು ಬೇಡ. ಬೆಂಕಿಯ ದೃಶ್ಯವೂ ಇರಲಿ, ದೂರದ ಕೂಗಾಗಿ. ಬೆಳಕು ಮಾತ್ರ ಮಂಚದ ಮೇಲಿರಲಿ. ಅವನು ಯೋಚಿಸಿದ. ಬುದ್ಧಿವಂತ ಹುಡುಗ, ಒಪ್ಪಿದ.

ಒಪ್ಪಿದ ಮೇಲೆ ಬಂದದ್ದು ನಿಜವಾದ ತೊಡಕು. ನಾಟಕದ ಸಂಜೆ ಮೂರು ಗಂಟೆ ಅವಳ ಅತ್ತೆಯ ಬಳಿ ಯಾರು? ಮನೆಯಲ್ಲಿ ಗಂಡ ಇದ್ದಾರೆ, ಪಿಯುಸಿ ಓದುವ ಮಗ ಇದ್ದಾನೆ. ಇಬ್ಬರಿಗೂ ಹೊರಳಿಸಲು ಬಾರದು, ಭಯ. ಮಗನಿಗೆ ನೀಟ್ ಪರೀಕ್ಷೆಯ ಓದು ಬೇರೆ. ಪಾತ್ರಕ್ಕೆ ಬೇರೆ ಯಾರನ್ನಾದರೂ ಹಾಕಿಕೊಳ್ಳಿ ಎಂದು ಅವಳೇ ಹೇಳಿಕಳಿಸಿದಳು. ನಮ್ಮಲ್ಲಿ ಒಬ್ಬರು ನಾನು ಹೋಗಿ ಕೂರುತ್ತೇನೆ ಎಂದರು, ಇನ್ನೊಬ್ಬರು ದಾದಿಯನ್ನು ಗೊತ್ತು ಮಾಡೋಣ ಎಂದರು. ಎರಡೂ ಬೇಡ ಎಂದೆವು. ಒಬ್ಬ ಹೆಂಗಸನ್ನು ಬಿಡಿಸಲು ಇನ್ನೊಬ್ಬ ಹೆಂಗಸನ್ನು ಕೂರಿಸಿದರೆ ಈ ನಾಟಕವನ್ನು ನಾವು ಓದಿದ್ದು ಸಾರ್ಥಕವೇ? ಪುಟ್ಟು ಪಾತ್ರದಾಕೆಗೆ ಕೇಳಿಸದ ಹಾಗೆ ಕೂರುವುದನ್ನು ಮೂರು ವಾರದಲ್ಲಿ ಕಲಿಸಿದ್ದೇವೆ. ಕೇಳಿಸಿಕೊಂಡು ಎದ್ದು ಬರುವುದನ್ನು ಕಲಿಸಲು ಎಷ್ಟು ದಿನ ಬೇಕು? ಈಗ ಅವಳು ಮನೆಯಲ್ಲಿ ದಿನಾ ರಾತ್ರಿ ಗಂಡನಿಗೂ ಮಗನಿಗೂ ಹೇಳಿಕೊಡುತ್ತಿದ್ದಾಳೆ: ಕೈ ಎಲ್ಲಿ ಕೊಡಬೇಕು, ದುಪ್ಪಟಿ ಎಷ್ಟು ಸುತ್ತಬೇಕು. ತಾಲೀಮು ಎರಡು ಕಡೆ ನಡೆಯುತ್ತಿದೆ. ಮಗ ಮೊದಲ ದಿನ ಅಜ್ಜಿಯನ್ನು ನೋಯಿಸಿಬಿಟ್ಟನಂತೆ, ಮೂರನೆಯ ದಿನಕ್ಕೆ ಅಜ್ಜಿ ಏನೂ ಅನ್ನಲಿಲ್ಲವಂತೆ.

‘ಟೊಳ್ಳುಗಟ್ಟಿ’ಯನ್ನು ದೊಡ್ಡ ನಾಟಕ ಎನ್ನಲು ನನಗೆ ಇದೇ ಕಾರಣ. ಅದರಲ್ಲಿ ಕೊರತೆಗಳಿವೆ, ತೂಕ ಒಂದೇ ಕಡೆ ವಾಲಿದೆ, ಬೆಂಕಿ ಅವಸರದ್ದು, ಒಳಮನೆಯ ಹೆಂಗಸರ ಮಾತು ಸಾಲದು. ಆದರೂ ನೂರು ವರ್ಷದ ಹಿಂದೆ ಒಬ್ಬ ಗಂಡಸು, ಮನೆಯ ಮಗನ ಬೆಲೆಯನ್ನು ಅವನು ಕಾಯಿಲೆಯವರ ಪಕ್ಕ ಕೂರುತ್ತಾನೋ ಇಲ್ಲವೋ ಎಂಬುದರಿಂದ ಕಟ್ಟಿದ. ಆ ಬಟ್ಟು ಇವತ್ತಿಗೂ ಸರಿಯಾಗಿದೆ. ನಾವು ಅದನ್ನು ರಂಗದ ಮೇಲೆ ಬಳಸಿ, ಮನೆಗೆ ಬಂದ ಮೇಲೆ ಅಟ್ಟಕ್ಕೆ ಹಾಕಿದ್ದೇವೆ ಅಷ್ಟೆ.

ನಿಮ್ಮ ಊರಿನಲ್ಲೂ ಯಾರಾದರೂ ಈ ನಾಟಕ ಆಡಬಹುದು, ನೀವೂ ನೋಡಲು ಹೋಗಬಹುದು. ಪುಟ್ಟುವನ್ನು ಕಂಡು ನಕ್ಕು, ಮಾಧುವನ್ನು ಕಂಡು ಕಣ್ಣೊರೆಸಿಕೊಳ್ಳಿ. ಜೊತೆಗೆ ಒಂದು ಲೆಕ್ಕ ಹಾಕಿ: ಅಷ್ಟು ಹೊತ್ತು ನಿಮ್ಮ ಮನೆಯಲ್ಲಿ ಹಾಲು ಕಾಯಿಸಲು, ಮಾತ್ರೆ ಕೊಡಲು, ಕರೆದರೆ ಏಳಲು ಯಾರನ್ನು ಕೂರಿಸಿ ಬಂದಿದ್ದೀರಿ?